ತಡವಾಗಿ ಕೊಟ್ಟ ಮಣ್ಣು

ತಮ್ಮ ಕುಬೇರಪ್ಪ ತೀರಿಕೊಂಡ ಸುದ್ದಿ ಚನ್ನಬಸವ್ವನಿಗೆ ತಿಳಿದದ್ದು ಭಾನುವಾರ ಬೆಳಿಗ್ಗೆ, ರಜೆಯ ಮೂರನೆಯ ದಿನ. ಅಮೆರಿಕಾದ ಹಾಫ್ ಮೂನ್ ಬೇ ಹತ್ತಿರ, ಕಡಲಿನ ಸಪ್ಪಳ ಕೇಳುವ ಹಳೆಯ ದನದ ಕೊಟ್ಟಿಗೆಯೊಂದನ್ನು ಯಾರೋ ಮನೆ ಮಾಡಿ ಬಾಡಿಗೆಗೆ ಬಿಟ್ಟಿದ್ದರು. ಮಗ ಆಕಾಶ ತಾನಿರುವ ಮಿಲ್ಪಿಟಾಸ್‌ನಿಂದ ಎಲ್ಲರನ್ನೂ ಅಲ್ಲಿಗೆ ಕರೆತಂದಿದ್ದ.

"ಗದಗಿಗೆ ಫೋನ್ ಹಚ್ಚೋ. ಅಕ್ಕ ಅಮೆರಿಕಾಕ್ಕ ಹೋಗಿ ದನದ ಮನ್ಯಾಗ ಮಲಗ್ಯಾಳಂತ ಹೇಳಿ ಕುಬೇರನ್ನ ನಗಸಬೇಕು," ಎಂದಳು ಆಕೆ.

ಎರಡು ದಿನ ಸಿಗ್ನಲ್ ಇಲ್ಲವೆಂದು ತಪ್ಪಿಸಿಕೊಂಡಿದ್ದ ಆಕಾಶ ತಲೆ ತಗ್ಗಿಸಿದ.

"ಯವ್ವಾ, ಮಾಮಾ ಶುಕ್ರವಾರನ ಹೋಗಿಬಿಟ್ಟ. ಹೆಂಗೂ ನಿನಗ ಮಣ್ಣಿಗೆ ಹೋಗಾಕ ಆಗೂದಿಲ್ಲಂತ ಹೇಳಲಿಲ್ಲ."

"ಮಣ್ಣು ಯಾವಾಗ ಆತು?"

"ಇಲ್ಲಿ ಮೊನ್ನೆ ಸಂಜಿ ಆದಾಗ, ನಾವು ಹೋಳಿಗಿ ಉಣ್ಣೂ ಹೊತ್ತಿಗೆ."

ಬೈಯಲು ಅವಳಲ್ಲಿ ಶಕ್ತಿ ಇರಲಿಲ್ಲ. "ಮಣ್ಣಾಗೂತನಕ ಒಡಹುಟ್ಟಿದಾಕಿ ಒಂದು ತುತ್ತೂ ಮುಟ್ಟಬಾರದಿತ್ತಲ್ಲೋ. ಅಷ್ಟರ ಮಾಡ್ತಿದ್ದೆ. ನಾ ತುಪ್ಪ ಹಾಕಿಸಿಕೊಂಡು ಎರಡು ಹೋಳಿಗಿ ತಿಂದೆ."

ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಅಂಗಳಕ್ಕಿಳಿದಳು. ಬೇಲಿಯ ಬುಡದಿಂದ ಒಂದು ಹಿಡಿ ಮಣ್ಣು ತೆಗೆದು, ಅದರ ಮೇಲೆ ತನ್ನ ಹಣೆಯ ವಿಭೂತಿ ಉದುರಿಸಿ, ಅರ್ಧವನ್ನು ಮಗನ ಅಂಗೈಗೆ ಹಾಕಿದಳು. ಬಾಗಿ ತನ್ನ ಪಾಲನ್ನು ನೆಲಕ್ಕೆ ಬಿಟ್ಟಳು; ಅವನೂ ಅವಳ ಹಾಗೆಯೇ ಬಾಗಿ ಬಿಟ್ಟ. ಆಮೇಲೆ ಅವಳು ಕೈಮುಗಿದಳು.

"ಶಿವನೇ, ಈ ಮಣ್ಣು ತಡಾ ಆತು, ನನ್ನ ತಮ್ಮಗ ಮುಟ್ಟಸು. ದಣಿದು ಬಂದಾನ, ನಿನ್ನ ಪಾದದಾಗ ಜಾಗ ಕೊಡು. ಅವಂಗ ಶಾಂತಿ ಕೊಡು."