ಎತ್ತಿನಗಾಡಿಯ ಜಾಡಿಗೆ ಇಳಿದ ದೊಡ್ಡ ಜೀಪು

ಕುದೇರಿನ ಸುತ್ತಲ ಕಪ್ಪು ಎರೆಮಣ್ಣಿನ ಹೊಲಗಳಿಗೆ ಎರಡು ಹದ ಮಳೆ ಬಿದ್ದರೆ ಸಾಕು, ಜಾಡಿನಲ್ಲಿ ನಡೆಯುವವರ ಚಪ್ಪಲಿ ಮಣ್ಣಿನಲ್ಲೇ ಉಳಿದು ಬರಿಗಾಲು ಮೇಲೆ ಬರುತ್ತದೆ. ಇದು ಊರಿನ ಮಕ್ಕಳಿಗೂ ಗೊತ್ತು. ಆದರೂ ತೊಂಬತ್ತಾರರ ಹಿಂಗಾರಿನಲ್ಲಿ ಚಿಕ್ಕಮಲ್ಲಪ್ಪ ಹೊಸದಾಗಿ ಕೊಂಡು ಮನೆ ಮುಂದೆ ನಿಲ್ಲಿಸಿದ್ದ ಜೀಪನ್ನು ನೋಡಿದವರೆಲ್ಲ ಅದನ್ನು ಮರೆತಿದ್ದರು.

ಹತ್ತು ಜನ ಕೂರುವ ದೊಡ್ಡ ಜೀಪು. ಹತ್ತಬೇಕಾದರೆ ಅವನ ಹೆಂಡತಿ ಶಾಂತಮಲ್ಲಮ್ಮ ಸೀರೆ ಎತ್ತಿ ಹಿಡಿಯಬೇಕಿತ್ತು. ಆ ಎತ್ತರವೇ ಅವಳಿಗೆ ಧೈರ್ಯ. ಗುಂಡ್ಲುಪೇಟೆಗೆ ಕೊಟ್ಟಿದ್ದ ಮಗಳು ಶಶಿರೇಖಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಗುವಿನ ಕಾಲು ಕೆಳಗಿದೆ, ನೋವು ಶುರುವಾದ ಕೂಡಲೇ ಚಾಮರಾಜನಗರದ ಆಸ್ಪತ್ರೆಗೆ ಹೊರಟುಬಿಡಿ ಎಂದು ನರ್ಸಮ್ಮ ಖಡಾಖಂಡಿತವಾಗಿ ಹೇಳಿದ್ದರು.

ಪಕ್ಕದ ಮನೆಯ ರಂಗರಾಜು ಆರೋಗ್ಯ ಕೇಂದ್ರದ ಜೀಪಿನ ಡ್ರೈವರು. ಒಂದು ಬೆಳಗ್ಗೆ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತ ಮಾತು ತೆಗೆದ.

"ಅಣ್ಣ, ನೋವು ಕಾಣಿಸ್ಕಂಡ್ರ ಟಾರು ರೋಡಲ್ಲೇ ಓಗಿ. ಒಲದ ಜಾಡಿಗೆ ಇಳೀಬ್ಯಾಡಿ."

"ಯಾಕ್ಲಾ? ಪೂಜೆ ದಿನ ಗೋಪಾಲಸ್ವಾಮಿ ಬೆಟ್ಟನೇ ಉಸ್ ಅನ್ನದಂಗೆ ಅತ್ಬುಡ್ತು. ಈ ಜಾಡು ಯಾವ ಲೆಕ್ಕ?"

"ಬೆಟ್ಟದ್ದು ಗಟ್ಟಿ ರೋಡು ಕಣಣ್ಣ. ಅಲ್ಲಿ ಇಂಜಿನ್ನಿಗೆ ಶಕ್ತಿ ಇದ್ರ ಸಾಕು. ಎರೇಲಿ ಚಕ್ರಕ್ಕ ಪಟ್ಟು ಸಿಕ್ಬೇಕು. ನಿಮ್ಮ ಜೀಪು ನೋಡಕ್ಕ ಆನೆ ಅಂಗದ, ಆದ್ರ ತಳ್ಳೋದು ಇಂದ್ಲ ಎರಡೇ ಚಕ್ರ. ಟೈರಿನ ಗೀರೊಳಗ ಎರೆ ಮೆತ್ಕಂಡ್ರ ನಿಂತಲ್ಲೇ ತಿರುಗ್ತದ ಅಷ್ಟೆ."

"ಭತ್ತ ಏರಿದ ಗಾಡೀನ ಎರಡು ಎತ್ತು ಎಳ್ಕಂಡ್ ಓಯ್ತವಲ್ಲೋ. ಮೊದ್ಲು ನಿನ್ ಸರ್ಕಾರಿ ಜೀಪು ತಳ್ದೆ ಶುರುವಾಗ್ಲಿ, ಆಮೇಲೆ ನನಗ ಬುದ್ಧಿ ಯೋಳು."

ರಂಗರಾಜು ನಕ್ಕ. ಆದರೆ ಮಾತು ಬಿಡಲಿಲ್ಲ. "ಎತ್ತು ನೋಡ್ಕಂಡು ಕಾಲಿಡ್ತದ ಅಣ್ಣ. ಗಾಡಿ ಚಕ್ರ ಎದೆಮಟ್ಟ ಎತ್ತರ, ಅಗಲ ನಾಕೇ ಬೆರಳು. ಎರೇನ ಕೊಯ್ಕಂಡು ಅಡೀಲಿರೋ ಗಟ್ಟಿ ನೆಲ ಮುಟ್ತದ. ಅದೇ ಜಾಡಿಗೆ ಜೀಪು ಇಳುದ್ರ ಒಟ್ಟೆ ನೆಲಕ್ಕ ಕೂತ್ಕತದ. ಆಮೇಲೆ ನಾಕು ಚಕ್ರ ತಿರುಗುದ್ರೂ ಅಷ್ಟೆ."

ಅಕ್ಕಿ ಆರಿಸುತ್ತಿದ್ದ ಶಾಂತಮಲ್ಲಮ್ಮನಿಗೆ ಇದೆಲ್ಲ ಕೇಳಿಸಿತು. ಅವನು ಹೇಳುವುದರಲ್ಲಿ ನ್ಯಾಯವಿದೆ ಅನಿಸಿತು. ಆದರೆ ನಲವತ್ತು ವರ್ಷ ಅದೇ ಜಾಡಿನಲ್ಲಿ ಎತ್ತು ಹೊಡೆದ ಗಂಡನಿಗೆ ಗೊತ್ತಿಲ್ಲದ್ದೇ ಎಂದು ಮತ್ತೆ ಮೊರದ ಕಡೆ ಬಗ್ಗಿದಳು.

ಎಂಟು ದಿನಕ್ಕೆ, ಸೋನೆ ಹಿಡಿದು ಬಿಟ್ಟ ಬೆಳಗ್ಗೆ, ಶಶಿರೇಖಾಳಿಗೆ ನೋವು ಬಂತು. ಹೆರಿಗೆಗೆ ಹೊರಟವಳನ್ನು ಜನವಿಲ್ಲದೆ ಕಳಿಸಬಾರದೆಂದು ಅತ್ತೆಯರು, ಚಿಕ್ಕಮ್ಮಂದಿರು, ಓರಗಿತ್ತಿಯರು ಬಂದು ಕೂತರು. ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಹತ್ತು ಜನರ ಜೀಪಿನಲ್ಲಿ ಹದಿಮೂರು ಜನ. ನೀರಿನ ಹಂಡೆ, ಹಾಸಿಗೆ ಸುರುಳಿ ಮೇಲಿನ ಕ್ಯಾರಿಯರಿಗೆ ಏರಿದವು.

ಊರಾಚೆ ದಾರಿ ಕವಲೊಡೆಯುವಲ್ಲಿ ಚಿಕ್ಕಮಲ್ಲಪ್ಪ ಹೊಲದ ಕಡೆ ತಿರುಗಿಸಿದ. ಬೆಳಗ್ಗೆ ಗಾಡಿ ಹೋದ ಗುರುತು ಎರಡು ಗೆರೆಯಾಗಿ ಮಿನುಗುತ್ತಿತ್ತು.

"ಟಾರಲ್ಲೇ ಓಗನ ಕನಾ," ಅಂದಳು ಶಾಂತಮಲ್ಲಮ್ಮ.

"ಟಾರಲ್ಲಾದ್ರ ಮುಕ್ಕಾಲು ಗಂಟೆ. ಇಲ್ಲಿ ಇಪ್ಪತ್ತೇ ನಿಮಿಷ. ಗಾಡಿ ಓಗದ ಅಂದ್ಮೇಲೆ ಇನ್ನೇನು? ಸುಮ್ನಿರು."

ಅವಳು ಸುಮ್ಮನಾದಳು.

ಅರ್ಧ ದಾರಿಯ ತಗ್ಗಿನಲ್ಲಿ ಜೀಪು ಒಂದು ಪಕ್ಕಕ್ಕೆ ವಾಲಿತು. ಮೇಲಿನ ಹಂಡೆ ಉರುಳಿ ಹೊಲಕ್ಕೆ ಬಿತ್ತು. ಚಿಕ್ಕಮಲ್ಲಪ್ಪ ಆಕ್ಸಿಲರೇಟರು ಒತ್ತಿದ. ಹಿಂದಿನ ಚಕ್ರ ಕಪ್ಪು ಮಣ್ಣನ್ನು ಎರಚುತ್ತ ತನಗೆ ತಾನೇ ಗುಂಡಿ ತೋಡಿಕೊಂಡಿತು. ಒತ್ತಿದಷ್ಟೂ ಇಳಿಯಿತು. ಹೆಂಗಸರೆಲ್ಲ ಇಳಿದು ತಳ್ಳುವ ಹೊತ್ತಿಗೆ ಜೀಪಿನ ಹೊಟ್ಟೆ ನೆಲಕ್ಕೆ ಕೂತಾಗಿತ್ತು.

ಊರಿಗೆ ಓಡಿ ಎರಡು ಜೊತೆ ಎತ್ತು ತಂದರು. ಹಗ್ಗ ಹರಿಯಿತು. ಆಮೇಲೆ ಒಂದು ಗಾಡಿ ಹುಡುಕಿ ತಂದು, ಹುಲ್ಲು ಹಾಸಿ, ಶಶಿರೇಖಾಳನ್ನು ಅದರಲ್ಲಿ ಮಲಗಿಸಿದರು. ಅಷ್ಟರಲ್ಲಿ ಎರಡು ಗಂಟೆ ಕಳೆದಿತ್ತು.

"ಅವ್ವ, ಇನ್ನೆಷ್ಟು ದೂರ?"

"ಬಂತು ಕಣವ್ವ. ಅಗೋ, ಹುಣಸೆಮರ ಕಾಣ್ತಾ ಅದ. ಅದ್ರಾಚೆಗೇ ಟಾರು."

ಹುಣಸೆಮರ ತಲುಪುವ ಮೊದಲೇ ಮಗು ಬಂತು. ಕಾಲು ಬಂದು, ಬಹಳ ಹೊತ್ತಿನ ಮೇಲೆ ತಲೆ ಬಂತು. ಗಂಡು ಮಗು. ಶಾಂತಮಲ್ಲಮ್ಮ ಬೆನ್ನು ಉಜ್ಜಿದಳು, ಅಂಗಾಲು ತಟ್ಟಿದಳು, ಬಾಯಿಗೆ ಬಾಯಿಟ್ಟು ಊದಿದಳು. ಮಗು ಅಳಲಿಲ್ಲ. ಅವಳು ತನ್ನ ಸೆರಗಿನಲ್ಲಿ ಸುತ್ತಿಕೊಂಡು, ಬೆಚ್ಚಗಿರಲಿ ಎಂಬಂತೆ, ಎದೆಗೆ ಒತ್ತಿ ಹಿಡಿದೇ ಇದ್ದಳು.

ಸುದ್ದಿ ಸಿಕ್ಕಿ ರಂಗರಾಜು ಆರೋಗ್ಯ ಕೇಂದ್ರದ ಜೀಪನ್ನು ಟಾರು ರಸ್ತೆಯಲ್ಲೇ ಸುತ್ತಿಕೊಂಡು ಬಂದು ಹುಣಸೆಮರದಾಚೆ ಕಾಯುತ್ತಿದ್ದ. ರಕ್ತ ಹೋಗುತ್ತಿದ್ದ ಶಶಿರೇಖಾಳನ್ನು ಆಸ್ಪತ್ರೆಗೆ ಸೇರಿಸಿದ. ಅವಳು ಉಳಿದಳು.

"ನೀ ಯೋಳಿದ್ದೆ ಕಣ್ಲಾ," ಅಂದ ಚಿಕ್ಕಮಲ್ಲಪ್ಪ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು.

"ಈಗ್ಯಾಕಣ್ಣ ಆ ಮಾತು."

ಐದನೆಯ ದಿನ ಶಶಿರೇಖಾಳಿಗೆ ಎದೆಹಾಲು ಕಟ್ಟಿ ನೋವು ತಡೆಯದಾಯಿತು. ಹಾಲು ಇಂಗಲೆಂದು ಶಾಂತಮಲ್ಲಮ್ಮ ಮಲ್ಲಿಗೆ ಹೂವಿಟ್ಟು ಬಟ್ಟೆ ಕಟ್ಟಿದಳು. ಮಗಳು ಗೋಡೆ ನೋಡುತ್ತ ಕೇಳಿದಳು: "ಟಾರಲ್ಲಿ ಓಗಿದ್ರ ಎಷ್ಟೊತ್ತಾಗದು ಅವ್ವ?" ಶಾಂತಮಲ್ಲಮ್ಮ ಬಟ್ಟೆಯ ಗಂಟನ್ನೇ ಮತ್ತೆ ಬಿಗಿದಳು. ಮಗಳು ಅದನ್ನೇ ಮರುದಿನವೂ ಕೇಳಿದಳು.

ಮಣ್ಣು ಒಣಗಿ ಜೀಪು ಮೇಲೆ ಬರಲು ಒಂಬತ್ತು ದಿನ ಹಿಡಿಯಿತು. ಈಗ ಮಳೆ ಬಂದ ಮರುದಿನ ಚಿಕ್ಕಮಲ್ಲಪ್ಪ ಆ ಕವಲಿನಲ್ಲಿ ಕಾರೆಮುಳ್ಳು ಎಳೆದು ಹಾಕಿ ಕೂರುತ್ತಾನೆ. ದೊಡ್ಡ ಗಾಡಿಯವರು ಹಾರ್ನ್ ಹೊಡೆದು ಗದರಿದರೆ, "ಮೊದ್ಲು ಇಳುದು ಬರಿಗಾಲಲ್ಲಿ ನಡ್ದು ನೋಡಪ್ಪ," ಅನ್ನುತ್ತಾನೆ. ಯಾಕೆಂದು ಕೇಳಿದವರಿಗೆ ತನ್ನ ಮೊಮ್ಮಗನ ವಿಷಯ ಹೇಳುತ್ತಾನೆ. ಹೇಳಿದ ಮೇಲೆ ಅವನಿಗೆ ಹಗುರವೇನೂ ಆಗುವುದಿಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಎತ್ತರದ ಗಾಡಿ ಎಂದರೆ ಎಲ್ಲಿ ಬೇಕಾದರೂ ಹೋಗುವ ಗಾಡಿ ಅಲ್ಲ. ಜನ ಹೆಚ್ಚಿದಷ್ಟೂ ಅದು ಹೂತುಕೊಳ್ಳುತ್ತದೆ, ಮೇಲೆ ಭಾರ ಹೇರಿದಷ್ಟೂ ವಾಲುತ್ತದೆ. ಸಿಕ್ಕಿಕೊಂಡಾಗ ಒತ್ತಬೇಡಿ, ಇಳಿದು ಭಾರ ಕಡಿಮೆ ಮಾಡಿ, ಚಕ್ರದಡಿ ಕಲ್ಲು, ಸೊಪ್ಪು ಕೊಡಿ. ಆಸ್ಪತ್ರೆಗೆ ಹೊರಟಾಗಲಂತೂ ದೂರವಾದರೂ ಗಟ್ಟಿ ರಸ್ತೆಯನ್ನೇ ಹಿಡಿಯಿರಿ. ಜೊತೆಗೆ ಇಬ್ಬರು ಸಾಕು. ಮನೆಯ ಗಂಡಸರು ಕೇಳದಿದ್ದರೆ ಒಂದು ಸಲ ಹೇಳಿ ಸುಮ್ಮನಾಗಬೇಡಿ ತಾಯಂದಿರೇ. ಬಾಗಿಲು ತೆಗೆದು, ಮಗಳ ಕೈ ಹಿಡಿದು, ಆ ಕವಲಿನಲ್ಲೇ ಇಳಿದುಬಿಡಿ.