ನೋಡಲೇಬೇಕಾದ ಹತ್ತು

ಮೃಗಾಲಯದ ಟಿಕೆಟ್ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷ ಕೂತವನು ಒಳಗಿನ ಒಂದು ಪ್ರಾಣಿಯನ್ನೂ ನೆಟ್ಟಗೆ ನೋಡಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಆದರೆ ಕೌಂಟರಿನ ಕಿಂಡಿ ಇದ್ದದ್ದು ರಸ್ತೆಯ ಕಡೆಗೆ. ಸಿಂಹವೆಂದರೆ ಅವನಿಗೆ ಬೆನ್ನ ಹಿಂದಿನ ಒಂದು ಸದ್ದು, ಅಷ್ಟೆ. ಈ ಕೆಲಸ ಕೊಡಿಸಿದವಳು ಅಕ್ಕ. ಅವಳು ಒಳಗೆ ಮೀನಿನ ಮನೆಯಲ್ಲಿ ತೊಟ್ಟಿ ತೊಳೆದು ಮೀನುಗಳಿಗೆ ಉಣಿಸುತ್ತಿದ್ದಳು. "ಒಂದ್ಸಲ ಬಂದು ನನ್ನ ಹಾವುಮೀನು ನೋಡೋ" ಎಂದು ಮೊದಲ ವರ್ಷವೇ ಕರೆದಿದ್ದಳು. "ನಾಳೆ ಬರ್ತೀನಿ ಅಕ್ಕಾ" ಎಂದಿದ್ದ. ನಾಲ್ಕನೇ ವರ್ಷಕ್ಕೆ ಅವಳು ಕರೆಯುವುದನ್ನು ಬಿಟ್ಟಳು.

ಹೊಸದಾಗಿ ಬಂದ ನಿರ್ದೇಶಕರು ಒಂದು ದಿನ ಅವನನ್ನು ಕರೆಸಿದರು. ಜನ ಒಳಗೆ ಬಂದು, ಯಾವ ಕಡೆ ಹೋಗುವುದೆಂದು ತಿಳಿಯದೆ ಐಸ್‌ಕ್ರೀಂ ತಿಂದು ಹೊರಟುಹೋಗುತ್ತಾರಂತೆ. ಆದ್ದರಿಂದ ಗೇಟಿನ ಬಳಿ 'ನೋಡಲೇಬೇಕಾದ ಹತ್ತು' ಎಂಬ ಬೋರ್ಡು ಬೇಕು, ಯೋಗ್ಯತೆಯ ಕ್ರಮದಲ್ಲಿ.

"ಜನ ಮೊದಲು ಕೇಳೋದು ನಿಮ್ಮನ್ನೇ. ಪಟ್ಟಿ ನೀವೇ ಮಾಡಿ" ಎಂದರು.

ನಾನೇನೂ ನೋಡಿಲ್ಲ ಎಂದು ಹೇಳಲು ಅದು ತಕ್ಕ ಹೊತ್ತಲ್ಲ ಅನ್ನಿಸಿ ಅವನು ತಲೆಯಾಡಿಸಿದ.

ಸುದ್ದಿ ಹಬ್ಬಿತು. ನೀರಾನೆಯನ್ನು ನೋಡಿಕೊಳ್ಳುವವನು, ಅದುವರೆಗೆ ಮುಖ ಕೊಟ್ಟು ಮಾತಾಡದವನು, ಕೌಂಟರಿಗೇ ಟೀ ತಂದುಕೊಟ್ಟ. ಹಾವಿನ ಮನೆಯವನು, ಹೆಬ್ಬಾವು ಈ ತಿಂಗಳು ಪೊರೆ ಬಿಡುತ್ತದೆಂದು ಗುಟ್ಟಿನ ಹಾಗೆ ಹೇಳಿದ. ಸಿಂಹದವನು "ಮೊದಲ್ನೇದು ಯಾರು ಅಂತ ಬಾಯಿಬಿಟ್ಟು ಹೇಳ್ಬೇಕಾ?" ಎಂದಷ್ಟೇ ಕೇಳಿ ಹೋದ. ಅಕ್ಕ ಮಾತ್ರ ಕೌಂಟರಿನ ಕಡೆ ಸುಳಿಯಲಿಲ್ಲ.

ವಾರದ ರಜೆಯ ದಿನ ಅವನು ನೋಟ್‌ಬುಕ್ಕು ಹಿಡಿದು ಒಳಗೆ ಹೊರಟ. ಸಿಂಹ ಬೆನ್ನು ತೋರಿಸಿ ಮಲಗಿತ್ತು. ನೀರಾನೆ ಮುಳುಗಿತ್ತು, ಮೂಗಿನ ಎರಡು ಹೊಳ್ಳೆಗಳಷ್ಟೇ ಹಾಜರಿ ಹಾಕಿದ್ದವು. ಜಿರಾಫೆ ಅವನನ್ನು ಮೇಲಿನಿಂದ ನೋಡಿ, ಸಾಲ ಕೇಳಲು ಬಂದ ನೆಂಟನನ್ನು ಕಂಡ ಹಾಗೆ ಮುಖ ತಿರುಗಿಸಿತು. ಎಲ್ಲವನ್ನೂ ಬರೆದುಕೊಂಡು ಕೊನೆಗೆ ಮೀನಿನ ಮನೆಗೆ ಬಂದ.

ಅಕ್ಕ ಮೊಣಕೈತನಕ ರಬ್ಬರ್ ಗವಸು ಹಾಕಿ ಗಾಜು ಒರೆಸುತ್ತಿದ್ದಳು. ಮೂಲೆಯ ತೊಟ್ಟಿಯಲ್ಲಿ ನೀರಿತ್ತು, ಪಾಚಿಯಿತ್ತು, ಒಂದು ದೊಡ್ಡ ಕಲ್ಲಿತ್ತು. ಮೀನು ಕಾಣಲಿಲ್ಲ.

"ಎಲ್ಲಿದೆ ಅಕ್ಕಾ?"

"ಕಲ್ಲಿನ ಹಿಂದೆ. ಕೂತ್ಕೋ."

"ಎಷ್ಟು ಹೊತ್ತು?"

"ಅದು ನನಗೆ ಹೇಳಿ ಬರಲ್ಲ. ಕೂತ್ಕೋ."

ಅವಳು ಬಕೆಟ್ ಬೋರಲು ಹಾಕಿ ಕೊಟ್ಟಳು. ಮುಕ್ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ತೋಳುದ್ದದ ಕಪ್ಪು ಮೀನೊಂದು, ಅವಸರವೆಂದರೇನೆಂದೇ ತಿಳಿಯದಂತೆ, ಕಲ್ಲಿನ ಹಿಂದಿನಿಂದ ಹೊರಬಂತು. ಅಕ್ಕ ಗವಸು ಕಳಚಿ ನೀರಿಗೆ ಕೈ ಇಳಿಬಿಟ್ಟಳು. ಮೀನು ಅವಳ ಅಂಗೈ ಮೇಲೆ ಗದ್ದವೂರಿ ಹಾಗೇ ನಿಂತಿತು. ಅವನು ಚಿಕ್ಕವನಿದ್ದಾಗ ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಿದ್ದ ಅಕ್ಕನ ಮುಖ ಅದೇ ಆಗಿತ್ತು. ಅವನು ನೋಟ್‌ಬುಕ್ಕು ಮುಚ್ಚಿದ. "ಪಾಚಿ ವಾಸನೆ" ಎಂದು ಕೆಮ್ಮಿದ.

ಬೋರ್ಡು ಎದ್ದಿತು. ಮೊದಲನೆಯದು ಹಾವುಮೀನು. ಸಿಂಹಕ್ಕೆ ನಾಲ್ಕನೇ ಜಾಗ. "ಅಕ್ಕನ ಮೀನಲ್ವಾ, ಇನ್ನೇನು ಮತ್ತೆ" ಎಂದು ಎಲ್ಲರೂ ಆಡಿಕೊಂಡರು, ಟೀ ನಿಂತಿತು. ಜನ ಸೀದಾ ಮೀನಿನ ಮನೆಗೆ ನುಗ್ಗಿ, ಕಲ್ಲು ನೋಡಿ, ಗಾಜು ಬಡಿದು, ದೂರಿನ ಪುಸ್ತಕದಲ್ಲಿ 'ಕಲ್ಲು ನಮ್ಮ ಮನೆ ಹತ್ತಿರವೂ ಇದೆ' ಎಂದು ಬರೆದು ಹೋದರು.

ಐದನೇ ದಿನ ಅಕ್ಕ ಬಂದು ಟಿಕೆಟಿನ ಸಾಲಿನಲ್ಲೇ ನಿಂತಳು. ಸರದಿ ಬಂದಾಗ ಕಿಂಡಿಗೆ ಬಗ್ಗಿದಳು.

"ಅದು ನಾಲ್ಕು ದಿನದಿಂದ ಹೊರಗೆ ಬಂದಿಲ್ಲ ಕಣೋ. ತಿಂದೂ ಇಲ್ಲ. ಬೋರ್ಡಿಂದ ತೆಗೆಸು."

"ನಿನಗೋಸ್ಕರ ಹಾಕಿದ್ದಲ್ಲ ಅಕ್ಕಾ. ನಿಜವಾಗ್ಲೂ ಅದೇ ಮೊದಲ್ನೇದು."

"ನಂಗೊತ್ತು" ಎಂದಳು. "ಅದಕ್ಕೇ ತೆಗೆಸು ಅಂದಿದ್ದು."

ಅವನು ನಿರ್ದೇಶಕರ ಬಳಿ ಹೋಗಿ, ಪಟ್ಟಿ ಮಾಡುವಾಗ ಕಣ್ತಪ್ಪಾಯಿತು ಎಂದ. ಇಷ್ಟು ವರ್ಷದಲ್ಲಿ ಅವನು ಒಪ್ಪಿಕೊಂಡ ಒಂದೇ ತಪ್ಪು ಅದು. ಅದನ್ನೂ ಅವನು ಮಾಡಿರಲಿಲ್ಲ. ನಿರ್ದೇಶಕರು ಅವನಿಗೊಂದು ಮೆಮೊ ಕೊಟ್ಟು, ಸಿಂಹವನ್ನು ತಾವೇ ಮೊದಲ ಜಾಗಕ್ಕೆ ಏರಿಸಿದರು. ಸಿಂಹ ಅದಕ್ಕೂ ಏಳಲಿಲ್ಲ. ಹತ್ತನೆಯ ಜಾಗ ತುಂಬಲು ಆಮೆಯನ್ನು ಬರೆಸಿದರು.

ಇನ್ನೂ ಎಂಟು ದಿನ ಕಳೆದ ಮೇಲೆ, ಕೌಂಟರಿನ ಮುಂದೆ ಜನವಿದ್ದಾಗಲೇ ಅಕ್ಕ ಬಂದು "ತಿಂತು" ಎಂದಳು. ಅವನು ಕಿಂಡಿಗೆ 'ಹತ್ತು ನಿಮಿಷದಲ್ಲಿ ಬರುತ್ತೇನೆ' ಎಂಬ ಚೀಟಿ ಅಂಟಿಸಿ ಅವಳ ಹಿಂದೆಯೇ ಹೊರಟ. ಸಾಲಿನಲ್ಲಿದ್ದವರು ಒಂದೂವರೆ ಗಂಟೆ ಕಾದರು. ಅವನಿಗೆ ಎರಡನೇ ಮೆಮೊ ಬಂತು.