ಸಂತ ಬ್ಲೇಸರ ಮೇಣದ ಬತ್ತಿ

ವ್ಯಾಲೆಂಟೈನನ ಗಂಟಲಿನಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡಿದೆ ಎಂದು ಕೊಲ್ಲಿ ದೇಶದ ಮನಾಮದ ಜಿಂಜ್ ಬಡಾವಣೆಯ ಆ ಕಟ್ಟಡದಲ್ಲಿ ಎಲ್ಲರೂ ನಂಬಿದ್ದರು, ಅವನ ಹೆಂಡತಿ ಮೇಬಲ್ ಒಬ್ಬಳನ್ನು ಬಿಟ್ಟು. ಅಕ್ಟೋಬರಿನ ಒಂದು ಶುಕ್ರವಾರ ಸಾಫಿ ಮೀನಿನ ಸಾರು ಉಣ್ಣುವಾಗ ಚುಚ್ಚಿದ್ದು ನಿಜ. ಅನ್ನದ ಉಂಡೆ ನುಂಗಿದ, ಬಾಳೆಹಣ್ಣು ನುಂಗಿದ. ಚುಚ್ಚುವುದು ನಿಂತಿತು, ಸ್ವರ ಮಾತ್ರ ಒಡೆಯುತ್ತಾ ಹೋಯಿತು. ಕ್ರಿಸ್ಮಸ್ಸಿನ ಹೊತ್ತಿಗೆ ಚರ್ಚಿನ ಹಾಡುಗಾರರ ನಡುವೆ ನಿಂತು ಅವನು ಬರೇ ಬಾಯಿ ಆಡಿಸುತ್ತಿದ್ದ.

ಮೇಬಲ್ ಪಕ್ಕದ ಅದ್ಲಿಯಾದ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿದ್ದಳು. ಮುಳ್ಳು ತಿಂಗಳುಗಟ್ಟಲೆ ಸುಮ್ಮನೆ ಕೂರುವುದಿಲ್ಲ; ಕೀವಾಗಬೇಕು, ಜ್ವರ ಬರಬೇಕು. ಇವನಿಗೆ ಜ್ವರವೇ ಇರಲಿಲ್ಲ. ಅದೇ ಅವಳನ್ನು ಹೆದರಿಸಿತು.

ಕೆಳಗಿನ ಮನೆಯ ಬಡಗಿ ವಾಸು ಚಾ ಕುಡಿಯಲು ಬಂದಾಗಲೆಲ್ಲ ವ್ಯಾಲೆಂಟೈನನನ್ನು ಊರಿನ ವಾಡಿಕೆಯಂತೆ ಪೊರ್ಬುಲು ಎಂದು ಕರೆದು ತಮಾಷೆ ಮಾಡುತ್ತಿದ್ದ. "ಎಂತ ಪೊರ್ಬುಲೇ, ಮುಳ್ಳಿಗೂ ವೀಸಾ ಮಾಡಿಸಿದ್ರಾ? ಇನ್ನೂ ಊರಿಗೆ ಹೊರಡ್ಲಿಲ್ವಲ್ಲ!"

"ಫೆಬ್ರವರಿಯಲ್ಲಿ ಹೊರಡ್ತದೆ. ಸಂತ ಬ್ಲೇಸರ ಹಬ್ಬಕ್ಕೆ," ಎಂದ ವ್ಯಾಲೆಂಟೈನ್, ಗೊಗ್ಗರು ದನಿಯಲ್ಲಿ. "ಅವರು ಸೆಬಾಸ್ಟೆ ಅಂತ ಒಂದು ಊರಿನ ಬಿಷಪ್. ಅದಕ್ಕೆ ಮೊದಲು ಡಾಕ್ಟರು. ಕ್ರೈಸ್ತರಿಗೆ ಹಿಂಸೆ ಶುರುವಾದಾಗ ಗುಹೆಯಲ್ಲಿ ಅಡಗಿದ್ರು. ಕಾಡುಪ್ರಾಣಿಗಳೂ ಮದ್ದಿಗೆ ಅಲ್ಲಿಗೆ ಬರ್ತಿದ್ವಂತೆ. ಸೈನಿಕರು ಹಿಡಿದು ಕೊಂಡೊಯ್ಯುವಾಗ ದಾರಿಯಲ್ಲಿ ಒಬ್ಬಳು ತಾಯಿ ಮಗುವನ್ನು ತಂದು ಅವರ ಕಾಲಬುಡದಲ್ಲಿ ಮಲಗಿಸಿದ್ಲು. ಗಂಟಲಲ್ಲಿ ಮುಳ್ಳು. ಬಿಷಪರು ಪ್ರಾರ್ಥನೆ ಮಾಡಿದ್ರು, ಮಗು ಉಳಿಯಿತು."

"ಬಿಷಪರನ್ನು ಬಿಟ್ರಾ?" ಎಂದ ವಾಸು.

"ಎಲ್ಲಿಯ ಬಿಡುದು! ಉಣ್ಣೆ ಬಾಚುವ ಕಬ್ಬಿಣದ ಹಣಿಗೆಯಲ್ಲಿ ಮೈ ಹರಿದು, ತಲೆ ಕಡಿದ್ರು. ಆದ್ರೆ ನೋಡು, ಸಾವಿರದ ಆರುನೂರು ವರ್ಷದ ಮೇಲಾಯ್ತು, ಗಂಟಲು ನೋವು ಅಂದ್ರೆ ಇವತ್ತಿಗೂ ಅವರ ಹೆಸರು. ಕಡಿಸಿದವನ ಹೆಸರು ನಿಂಗೆ ಗೊತ್ತುಂಟಾ?"

ಮೇಬಲ್ ಲೋಟ ಎತ್ತುತ್ತಾ ಹೇಳಿದಳು: "ಅವರೂ ಡಾಕ್ಟರೇ ಅಂದ್ರಲ್ಲ. ಮಗುವಿನ ಬಾಯಿ ತೆರೆದು ನೋಡದೆ ಇದ್ದಿರ್ಲಿಕ್ಕಿಲ್ಲ. ನೀವು ಬಾಯಿ ತೆರೀಲಿಕ್ಕೇ ಒಪ್ಪುದಿಲ್ಲ. ನಾಳೆ ಗಂಟಲಿನ ಡಾಕ್ಟರ್ ಸೌದಾ ಹತ್ರ ಹೋಗುವ."

"ಅವರು ಎಂತಾದ್ರೂ ಹೇಳಿದ್ರೆ ಕಂಪನಿಯವರು ಮರುದಿನವೇ ಊರಿನ ಟಿಕೆಟ್ ಕೈಯಲ್ಲಿಡ್ತಾರೆ. ಹಬ್ಬ ಆಗ್ಲಿ ಮಾರಾಯ್ತಿ. ಆಮೇಲೆ ನೀ ಹೇಳಿದಲ್ಲಿಗೆ ಬರ್ತೇನೆ."

ಅವಳು ಒಪ್ಪಿದಳು.

ಹಬ್ಬದ ದಿನ ಮನಾಮದ ಚರ್ಚಿನಲ್ಲಿ ಪಾದ್ರಿಗಳು ಎರಡು ಮೇಣದ ಬತ್ತಿಗಳನ್ನು ಕೆಂಪು ರಿಬ್ಬನ್ನಿನಿಂದ ಶಿಲುಬೆಯಾಗಿ ಕಟ್ಟಿ, ತಮ್ಮ ಊರಿನ ಪದ್ಧತಿಯಂತೆ ಹೊತ್ತಿಸಿ, ಒಬ್ಬೊಬ್ಬರ ಗಂಟಲಿನ ಮುಂದೆಯೂ ಹಿಡಿದರು. ಸಂತ ಬ್ಲೇಸರ ಬಿನ್ನಹದಿಂದ ಗಂಟಲಿನ ರೋಗದಿಂದಲೂ ಬೇರೆ ಎಲ್ಲ ಕೇಡಿನಿಂದಲೂ ದೇವರು ನಿನ್ನನ್ನು ಕಾಯಲಿ ಎಂದರು.

ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಹಾಡು ಕೇಳಿಸಿತು. ಸ್ವರ ತಿಳಿಯಾಗಿತ್ತು. ಮೇಬಲ್ ಒಲೆಯ ಮುಂದೆ ನಿಂತು ಅತ್ತಳು. ಒಂದೇ ಸಲ ಬಂದ ಫಲಿತಾಂಶವನ್ನು ಲ್ಯಾಬಿನಲ್ಲಿ ಅವಳು ಎಂದೂ ನಂಬಿದವಳಲ್ಲ. ಮನೆಯಲ್ಲಿ ನಂಬಿದಳು. ಡಾಕ್ಟರ್ ಸೌದಾರ ಹೆಸರನ್ನು ಮತ್ತೆ ಎತ್ತಲಿಲ್ಲ.

ವಾರ ಕಳೆಯುವುದರೊಳಗೆ ಸ್ವರ ಮತ್ತೆ ಒಡೆಯಿತು. "ಧೂಳು," ಎಂದ ಅವನು. ಈಸ್ಟರ್ ಮುಗಿದ ಮೇಲೆ ಒಂದು ದಿನ ವಾಷ್‌ಬೇಸಿನ್ನಿನಲ್ಲಿ ರಕ್ತ ಕಂಡಿತು. ಡಾಕ್ಟರ್ ಸೌದಾ ಸಣ್ಣ ಕನ್ನಡಿ ಇಳಿಸಿ ನೋಡಿ, ಬಹಳ ಹೊತ್ತು ಕೈ ತೊಳೆದರು. ತುಣುಕಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂದಾಗ, ಚಳಿಗಾಲದಲ್ಲೇ ಬಂದಿದ್ದರೆ ಬರೇ ರೇಡಿಯೇಷನ್ ಸಾಕಾಗುತ್ತಿತ್ತೇನೋ ಎಂದರು. ಬೊಂಬಾಯಿಯಲ್ಲಿ ಆಪರೇಷನ್ ಆಯಿತು. ಧ್ವನಿಪೆಟ್ಟಿಗೆ ತೆಗೆದು, ಉಸಿರಾಡಲು ಕುತ್ತಿಗೆಯಲ್ಲಿ ಒಂದು ತೂತು ಬಿಟ್ಟರು. ಮೇಬಲಳ ಕೆಲಸವಿದ್ದುದರಿಂದ ಮತ್ತೆ ಜಿಂಜ್‌ಗೇ ಬಂದರು. ವಾಸು ಚಾ ಕುಡಿಯಲು ಈಗಲೂ ಬರುತ್ತಿದ್ದ, ಲೋಟ ತಾನೇ ತೊಳೆದಿಟ್ಟು ಹೋಗುತ್ತಿದ್ದ.

ಮುಂದಿನ ಫೆಬ್ರವರಿಯಲ್ಲಿ ವ್ಯಾಲೆಂಟೈನ್ ಎರಡು ಬೆರಳುಗಳನ್ನು ಗಂಟಲಿನ ಮುಂದೆ ಶಿಲುಬೆಯಂತೆ ಅಡ್ಡ ಹಿಡಿದು ತೋರಿಸಿದ. ಮೇಬಲ್ ಅವನನ್ನು ಚರ್ಚಿಗೆ ಕರೆದೊಯ್ದಳು.

ಸಾಲಿನಲ್ಲಿ ಅವನ ಸರದಿ ಬಂದಾಗ ಕುತ್ತಿಗೆಯ ಬಟ್ಟೆಯನ್ನು ಅವನೇ ಸರಿಸಿದ. ಪಾದ್ರಿಗಳು ಬತ್ತಿ ಹಿಡಿದರು. ತೂತಿನಿಂದ ಉಸಿರು ಬಂತು, ದೀಪ ಆರಿತು. ಮತ್ತೆ ಹೊತ್ತಿಸಿದರು, ಮತ್ತೆ ಆರಿತು. ಹಿಂದೆ ನಿಂತವರು ನೆಲ ನೋಡಿದರು. ಕೊನೆಗೆ ಹೊಗೆಯಾಡುವ ಬತ್ತಿಗಳನ್ನೇ ಹಿಡಿದು ಪಾದ್ರಿಗಳು ಬೇಗಬೇಗ ಪ್ರಾರ್ಥನೆ ಹೇಳಿದರು. ಎಲ್ಲ ಕೇಡಿನಿಂದ ದೇವರು ನಿನ್ನನ್ನು ಕಾಯಲಿ ಎಂದರು. ಗಂಟಲಿನ ಮಾತನ್ನು ಬಿಟ್ಟಿದ್ದರು. ಮೇಬಲ್ ಅದನ್ನು ಗಮನಿಸಿದಳು.

ವ್ಯಾಲೆಂಟೈನನೂ ಗಮನಿಸಿದ್ದ. ಆಮೆನ್ ಎನ್ನಲು ತುಟಿ ಆಡಿಸದೆ ಅವನು ಹೆಂಡತಿಯತ್ತ ತಿರುಗಿದ. ಅವಳು ಬಟ್ಟೆಯನ್ನು ಎಳೆದು ತೂತು ಮುಚ್ಚಿದಳು.